ಕರೆಂಟ್ ಬಂದಾಗ ತಾನೇ ಏಳಬೇಕು: ಐ3-12100 ಮೀಡಿಯಾ ಸರ್ವರ್, ಎರಡು ವರ್ಷದ ಬಳಕೆ

ಮನೆಯ ವಿಡಿಯೋಗಳನ್ನೆಲ್ಲ ಒಂದೆಡೆ ಇಟ್ಟು ಟಿವಿಗೂ ಫೋನಿಗೂ ಕಳಿಸುವ ಕಂಪ್ಯೂಟರೇ ಮೀಡಿಯಾ ಸರ್ವರ್. ನಮ್ಮದರ ಮದರ್‌ಬೋರ್ಡಿನ ಮೇಲೆ ನನಗೆ ಆರು ತಿಂಗಳು ಸಿಟ್ಟಿತ್ತು. ಈಗ ಇಲ್ಲ. ಆದರೆ ಆ ಸಿಟ್ಟಿನ ಕಾರಣ ಹೇಳದೆ ವಿಮರ್ಶೆ ಬರೆದರೆ ನನ್ನ ಹಾಗೆ ಇನ್ನೊಬ್ಬರು ಒದ್ದಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

2023ರ ದಸರಾ ಹೊತ್ತಿಗೆ ಕೊಂಡಿದ್ದು. ಪ್ರೊಸೆಸರ್ ಇಂಟೆಲ್ ಐ3-12100. ಬೋರ್ಡು ಎಚ್610 ಚಿಪ್‌ಸೆಟ್‌ನದು. ಕಂಪನಿ ಹೆಸರು ಬೇಡ, ಈ ತೊಂದರೆ ಯಾವ ಕಂಪನಿಯ ಬೋರ್ಡಿಗೂ ಬರಬಹುದು. ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹಳೇ ಕಂಪ್ಯೂಟರಿನವು. ಹಾರ್ಡ್ ಡಿಸ್ಕ್ ಬಿಟ್ಟು ಉಳಿದದ್ದೆಲ್ಲ 20 ಸಾವಿರದೊಳಗೆ ಮುಗಿಯಿತು. ನಾನು ದಾವಣಗೆರೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಅದಕ್ಕಿಂತ ಜಾಸ್ತಿ ಹಾಕುವ ಹಾಗಿರಲಿಲ್ಲ.

ಕೊಳ್ಳುವಾಗ ಮೂರು ದಾರಿ ಇದ್ದವು. ಒಂದು, ಸೆಕೆಂಡ್ ಹ್ಯಾಂಡ್ ಐ5-6500. ಅಗ್ಗ. ಆದರೆ ಆರನೇ ತಲೆಮಾರಿನ ಚಿಪ್ಪಿಗೆ 10 ಬಿಟ್ ಎಚ್‌ಇವಿಸಿ (ಕಡಿಮೆ ಜಾಗ ಹಿಡಿಯುವಂತೆ ಒತ್ತಿಟ್ಟ ಬಗೆ) ವಿಡಿಯೋವನ್ನು ಪೂರ್ತಿ ಹಾರ್ಡ್‌ವೇರಿನಲ್ಲೇ ಬಿಡಿಸಲು ಬರುವುದಿಲ್ಲ. ಅದು ಏಳನೇ ತಲೆಮಾರಿನಿಂದ ಬಂತು. ನನ್ನ ತಮ್ಮ ಫೋನಿನಲ್ಲಿ ತೆಗೆದು ಕಳಿಸುವುದೆಲ್ಲ ಅದೇ ಬಗೆಯ ವಿಡಿಯೋ. ಎರಡನೆಯದು, 2023ರ ಜನವರಿಯಲ್ಲಿ ಬಂದ ಎನ್100. ಬರೀ 6 ವ್ಯಾಟ್‌ನ ಚಿಪ್ಪು, ತುಂಬಾ ಆಸೆಯಾಗಿತ್ತು. ನಾನು ನೋಡಿದ ಎನ್100 ಬೋರ್ಡುಗಳಲ್ಲಿ ಸಾಟಾ ಪೋರ್ಟು, ಅಂದರೆ ಹಾರ್ಡ್ ಡಿಸ್ಕ್ ಸಿಕ್ಕಿಸುವ ಜಾಗ, ಒಂದೋ ಎರಡೋ. ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುತ್ತೆ. ಒಂದು ಕೆಟ್ಟರೆ ಎರಡೂ ಹೋದಂತೆ. ಎಚ್610ರಲ್ಲಿ ನಾಲ್ಕು ಸಾಟಾ ಸಿಕ್ಕಿತು. ಹಾಗಾಗಿ ಮೂರನೇ ದಾರಿ, ಈ ಐ3-12100, ಹಿಡಿದೆ.

ಅಂಗಡಿಯವರು 12100ಎಫ್ ತಗೊಳ್ಳಿ, ಸಾವಿರಕ್ಕೂ ಮೇಲೆ ಉಳಿಯುತ್ತೆ ಅಂದರು. ಬೇಡ ಅಂದೆ. ನೀವೂ ಬೇಡ ಅನ್ನಿ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಇಲ್ಲದಿದ್ದರೆ ಕ್ವಿಕ್ ಸಿಂಕ್, ಅಂದರೆ ವಿಡಿಯೋ ಬದಲಾಯಿಸುವ ಇಂಟೆಲ್‌ನ ಭಾಗ, ಇಲ್ಲ. ಮೀಡಿಯಾ ಸರ್ವರಿನಲ್ಲಿ ಕೆಲಸ ಮಾಡುವುದೇ ಅದು. ತಮ್ಮನ 4ಕೆ ವಿಡಿಯೋವನ್ನು ನಮ್ಮ ಹಳೇ ಟಿವಿ ನೇರವಾಗಿ ಓದುವುದಿಲ್ಲ. ಸರ್ವರ್ ಅದನ್ನು ಆಗಿಂದಾಗಲೇ ಬದಲಾಯಿಸಿ ಕಳಿಸುತ್ತೆ. ಮನೆಯಲ್ಲಿ ಟಿವಿ, ಚಿತ್ರದುರ್ಗದಲ್ಲಿ ನಾದಿನಿಯ ಫೋನು, ಎರಡೂ ಒಟ್ಟಿಗೆ ಓಡುವಾಗಲೂ ಫ್ಯಾನಿನ ಸದ್ದು ಏರಿದ್ದಿಲ್ಲ. ಸಾಫ್ಟ್‌ವೇರ್ ಜೆಲ್ಲಿಫಿನ್. ಪೂರ್ತಿ ಉಚಿತ. ಹೀಗೆ ವಿಡಿಯೋ ಬದಲಾಯಿಸುವ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗಿಗೂ ದುಡ್ಡು ಕೇಳುವುದಿಲ್ಲ.

ಇನ್ನು ಕರೆಂಟಿನ ಲೆಕ್ಕ. ಇದನ್ನು ಯಾರೂ ಬರೆಯುವುದಿಲ್ಲ, ನಮ್ಮಂಥ ಮನೆಗೆ ಇದೇ ಮುಖ್ಯ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ ಉಚಿತ ಕೊಡುತ್ತಾರೆ ಅಲ್ವಾ. ನಮ್ಮ ಸರಾಸರಿ 118 ಯೂನಿಟ್, ಮಿತಿ ಸುಮಾರು 130. ಅದರ ಮೇಲೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. ಅಂದರೆ ಈ ಪೆಟ್ಟಿಗೆಗೆ ಉಳಿದದ್ದು 12 ಯೂನಿಟ್. ಮೊದಲ ತಿಂಗಳು ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದರೆ ಸುಮ್ಮನಿದ್ದಾಗಲೇ 28 ವ್ಯಾಟ್. ದಿನವಿಡೀ ಓಡಿದರೆ ತಿಂಗಳಿಗೆ 20 ಯೂನಿಟ್.

ಕೂತು ಒಂದೊಂದೇ ಸರಿ ಮಾಡಿದೆ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಇರುವ ಕಡೆ) ಸಿ-ಸ್ಟೇಟ್‌ಗಳನ್ನು, ಅಂದರೆ ಕೆಲಸವಿಲ್ಲದಾಗ ಪ್ರೊಸೆಸರ್ ನಿದ್ದೆಗೆ ಜಾರುವುದನ್ನು, ಆನ್ ಮಾಡಿದೆ. ಯಾರೂ ನೋಡದಿದ್ದರೆ ಡಿಸ್ಕುಗಳು 20 ನಿಮಿಷಕ್ಕೆ ಮಲಗುವ ಹಾಗೆ ಮಾಡಿದೆ. 19 ವ್ಯಾಟ್‌ಗೆ ಇಳಿಯಿತು. ರಾತ್ರಿ 12ಕ್ಕೆ ಪೂರ್ತಿ ಆಫ್. ಬೆಳಗ್ಗೆ 5:30ಕ್ಕೆ ಬೋರ್ಡಿನ ಗಡಿಯಾರವೇ ಅದನ್ನು ಎಬ್ಬಿಸುತ್ತೆ. ಬಯೋಸ್‌ನಲ್ಲಿ ಆರ್‌ಟಿಸಿ ಅಲಾರಂ ಅಂತ ಇರುತ್ತೆ, ಅದು. ಈಗ ತಿಂಗಳಿಗೆ ಹತ್ತೂವರೆ ಯೂನಿಟ್ ಆಸುಪಾಸು. ಬಿಲ್ ಸೊನ್ನೆ ಬಂದ ತಿಂಗಳು ನನಗಾದ ಖುಷಿ ಅಷ್ಟಿಷ್ಟಲ್ಲ.

ಆ ಖುಷಿ ಮೂರು ವಾರವೂ ನಿಲ್ಲಲಿಲ್ಲ.

ಇದನ್ನು ಕಟ್ಟಿದ್ದೇ ನಮ್ಮ ಮಾವನವರಿಗೆ. ಅವರ ಊರು ಜಗಳೂರು ಕಡೆ. 1996ರಲ್ಲಿ ಊರ ಜಾತ್ರೆಯಲ್ಲಿ ಅವರೂ ಅವರ ಅಣ್ಣನೂ ನಾಟಕ ಆಡಿದ್ದರು. ಅದರ ವಿಎಚ್‌ಎಸ್ ಕ್ಯಾಸೆಟ್ಟು ಬೀರುವಿನಲ್ಲಿ ಕೊಳೆಯುತ್ತಿತ್ತು. ಸ್ಟುಡಿಯೋದಲ್ಲಿ ಕೊಟ್ಟು ಫೈಲ್ ಮಾಡಿಸಿದೆ. ದಿನಾ ಸಂಜೆ ಆರಕ್ಕೆ ಮಾವ ಟೀ ಕುಡಿದು, ತಟ್ಟೆಯಲ್ಲಿ ಮಂಡಕ್ಕಿ ಹಾಕಿಕೊಂಡು, ರಿಮೋಟ್ ಹಿಡಿದು ಕೂರುತ್ತಾರೆ. ಒಂದು ದಿನ ಮದುವೆ ವಿಡಿಯೋ, ಒಂದು ದಿನ ಭಜನೆ, ಶನಿವಾರ ನಾಟಕ.

ಒಂದು ಸಂಜೆ ನಾನು ಮಿಲ್ಲಿನಿಂದ ಬರುವಷ್ಟರಲ್ಲಿ ಅವರು ಖಾಲಿ ಟಿವಿ ಮುಂದೆ ಕೂತಿದ್ದರು. "ಏನವ್ವಾ, ನಿನ್ನ ಪೆಟ್ಟಿಗೆ ಇವತ್ತು ಎದ್ದೇ ಇಲ್ಲಲ್ಲ" ಅಂದರು. ಮಧ್ಯಾಹ್ನ ಕರೆಂಟ್ ಹೋಗಿ ಬಂದಿತ್ತು. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ನಾನೇ ಹಾಕಿದ್ದೆ. ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಆದರೆ ಸರ್ವರ್ ಸಿಗುತ್ತಿರಲಿಲ್ಲ. ಸ್ವಿಚ್ ಒತ್ತಿ ಆಫ್ ಮಾಡಿ ಆನ್ ಮಾಡಿದೆ. ಆದರೂ ಇಲ್ಲ. ಮಾನಿಟರ್ ತಂದು ಸಿಕ್ಕಿಸಿದಾಗ ಕಂಡಿತು: ಎಫ್1 ಒತ್ತಿ ಅಂತ ಬರೆದುಕೊಂಡು ನಿಂತುಬಿಟ್ಟಿದೆ. ಕೀಬೋರ್ಡೇ ಇಲ್ಲದ ಪೆಟ್ಟಿಗೆಯಲ್ಲಿ ಎಫ್1 ಒತ್ತುವವರು ಯಾರು? ತಾರೀಖು ಹಳೇ ವರ್ಷದ ಜನವರಿ 1ಕ್ಕೆ ಹೋಗಿತ್ತು. ನಾನು ಹಾಕಿದ್ದ ಸೆಟ್ಟಿಂಗ್ ಒಂದೂ ಇರಲಿಲ್ಲ.

ಮತ್ತೆ ಎಲ್ಲಾ ಹಾಕಿದೆ. ಹತ್ತು ದಿನ ಸರಿಯಿತ್ತು. ಮತ್ತೆ ಹಾಗೇ. ವಿಚಿತ್ರ ಅಂದರೆ, ಐದು ನಿಮಿಷ ಕರೆಂಟ್ ಹೋದರೆ ಏನೂ ಆಗುತ್ತಿರಲಿಲ್ಲ. ಗಂಟೆಗಟ್ಟಲೆ ಹೋದರೆ ಮಾತ್ರ ಮರೆತುಬಿಡುತ್ತಿತ್ತು. ನಮ್ಮ ಮನೆಯ ಇನ್ವರ್ಟರ್ ಲೈಟು ಫ್ಯಾನಿಗೆ ಮಾತ್ರ, ಈ ಪ್ಲಗ್ಗಿಗೆ ಇಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಬೋರ್ಡು ಬಿಚ್ಚಿ ಬೆಂಗಳೂರಿಗೆ ಕಳಿಸಿ, ಮೂರ್ನಾಲ್ಕು ವಾರ ಆಗುತ್ತೆ ಅಂದರು. ಮೂರ್ನಾಲ್ಕು ಶನಿವಾರ ನಾಟಕ ಇಲ್ಲ ಅಂತ ಮಾವನಿಗೆ ಹೇಗೆ ಹೇಳಲಿ? ಕಳಿಸಲಿಲ್ಲ. ಆರು ತಿಂಗಳು ಕೀಬೋರ್ಡು ಮಾನಿಟರ್ ಹೊತ್ತುಕೊಂಡು ಓಡಾಡಿದೆ.

ಕೊನೆಗೆ ಗೊತ್ತಾಗಿದ್ದು ಬ್ಯಾಟರಿ. ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂತೆ ಸಿಆರ್2032 ಅಂತ ಒಂದು ಇರುತ್ತೆ. ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಸೆಟ್ಟಿಂಗನ್ನೂ ಕಾಯುವುದು ಅದೇ. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ, ಪೆಟ್ಟಿಗೆ ಆಫ್ ಆಗಿದ್ದರೂ, ಎಸ್‌ಎಂಪಿಎಸ್ಸಿನ ಸ್ಟ್ಯಾಂಡ್‌ಬೈ ಕರೆಂಟೇ ಆ ಕೆಲಸ ನೋಡಿಕೊಳ್ಳುತ್ತೆ. ಹಾಗಾಗಿ ಬ್ಯಾಟರಿ ಸತ್ತಿದ್ದು ತಿಳಿಯುವುದೇ ಇಲ್ಲ.

ಹೊಸ ಬೋರ್ಡಿನ ಬ್ಯಾಟರಿ ಹೇಗೆ ಸಾಯುತ್ತೆ? ಇದಕ್ಕೆ ಉತ್ತರ ಕೊಟ್ಟಿದ್ದು ಮಂಡಿಪೇಟೆಯ ಒಬ್ಬರು ವಾಚ್ ರಿಪೇರಿಯವರು. ನಮ್ಮ ಬೋರ್ಡಿನಲ್ಲಿ ಅದು ಎಸ್‌ಎಸ್‌ಡಿಯ (ಬೋರ್ಡಿಗೇ ಕೂರುವ ಸಣ್ಣ ಡಿಸ್ಕು) ಅಡಿಗೆ ಕೂತಿತ್ತು. ಎಸ್‌ಎಸ್‌ಡಿಯ ಸಣ್ಣ ಸ್ಕ್ರೂ ಬಿಚ್ಚಿ, ಅದನ್ನು ಎತ್ತಿ, ಬ್ಯಾಟರಿ ತೆಗೆದು ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದೆ. ಅವರು ಮೀಟರಿನ ಎರಡು ಕಡ್ಡಿ ಮುಟ್ಟಿಸಿದರು. 2.4 ವೋಲ್ಟ್. ಇರಬೇಕಾದ್ದು 3. "ಇದು ಡಬ್ಬಿಯೊಳಗೇ ಮುದುಕ ಆಗೈತ್ರಿ" ಅಂದರು. ಬೋರ್ಡು ಗೋದಾಮಿನಲ್ಲಿ ಕೂತಿದ್ದಷ್ಟು ದಿನವೂ ಗಡಿಯಾರ ಇದನ್ನೇ ಕುಡಿಯುತ್ತಿರುತ್ತೆ. ಹೊಸದನ್ನು ಪ್ಲಾಸ್ಟಿಕ್ ಚಿಮಟಿಗೆಯಲ್ಲಿ ಎತ್ತಿ, ಅದಕ್ಕೂ ಕಡ್ಡಿ ಮುಟ್ಟಿಸಿ 3.2 ತೋರಿಸಿ, "ಅಂಚು ಹಿಡೀರಿ, ಮುಖಕ್ಕೆ ಬೆರಳು ತಾಗಿಸಬ್ಯಾಡ್ರಿ" ಅಂದರು. 40 ರೂಪಾಯಿ.

ಅದಾದ ಮೇಲೆ ಒಂದು ದಿನ ಬೆಳಗ್ಗೆ 10ರಿಂದ 4ರವರೆಗೆ ಕರೆಂಟ್ ಇರಲಿಲ್ಲ. ಮನೆಗೆ ಬಂದಾಗ ಸಂಜೆ ಆರೂವರೆ. ಬಾಗಿಲಲ್ಲೇ ಹಾರ್ಮೋನಿಯಂ ಕೇಳಿಸಿತು.

ನಾಟಕದ ಬಗ್ಗೆ ಒಂದು ಮಾತು, ಇದು ಪ್ರೊಸೆಸರಿನ ಮೇಲೆ ಪ್ರೀತಿ ಬರಿಸಿದ ವಿಷಯ. ಹಳೇ ಟೇಪಿನ ಚಿತ್ರ ಒಂದು ಬಿಟ್ಟು ಒಂದು ಗೆರೆಯಾಗಿ ದಾಖಲಾಗಿರುತ್ತೆ. ಈಗಿನ ಪರದೆಯಲ್ಲಿ ಹಾಗೇ ಹಾಕಿದರೆ, ಅಲುಗಾಡುವ ಕಡೆಯೆಲ್ಲ ಬಾಚಣಿಗೆ ಹಲ್ಲಿನಂತೆ ಸೀಳುತ್ತೆ. ದೊಡ್ಡಮಾವ ಕೈ ಬೀಸಿ ಮಾತು ಹೇಳುವಾಗ ಬೆರಳೇ ಕಾಣುತ್ತಿರಲಿಲ್ಲ. ಸರ್ವರಿನಲ್ಲೇ ಟ್ರಾನ್ಸ್‌ಕೋಡ್ ಆಗಿ ಬರುವ ಹಾಗೆ ಮಾಡಿದೆ. ಆಗ ಜೆಲ್ಲಿಫಿನ್ ಆ ಗೆರೆಗಳನ್ನು ಹೊಂದಿಸಿ ಕಳಿಸುತ್ತೆ. ಆ ಶನಿವಾರ ಮಾವ ಮಂಡಕ್ಕಿ ತಟ್ಟೆ ಕೆಳಗಿಟ್ಟರು. "ಅಣ್ಣನ ಬೆರಳಾಗಿನ ಉಂಗುರ ಕಾಣ್ತೈತಿ ನೋಡು" ಅಂದರು. ದೊಡ್ಡಮಾವ ಹೋಗಿ ಒಂಬತ್ತು ವರ್ಷ ಆಯಿತು. ಆ ತುಣುಕನ್ನು ನಾಲ್ಕು ಸಲ ಹಿಂದೆ ಮಾಡಿಸಿ ನೋಡಿದರು.

ಕೊಳ್ಳುವವರಿಗೆ: ಈ ಬಜೆಟ್ಟಿನಲ್ಲಿ ಐ3-12100 ಧೈರ್ಯವಾಗಿ ತಗೊಳ್ಳಿ, ಎಫ್ ಮಾತ್ರ ಬೇಡ. 8 ಜಿಬಿ ರ್‍ಯಾಮ್ ಸಾಕು. ಬೋರ್ಡಿನಲ್ಲಿ ಸಾಟಾ ಎಷ್ಟು ಅಂತ ಎಣಿಸಿ. ಬ್ಯಾಟರಿ ಎಲ್ಲಿದೆ, ಕೈಗೆ ಸಿಗುತ್ತಾ ಅಂತ ಫೋಟೋದಲ್ಲೇ ನೋಡಿಕೊಳ್ಳಿ. ಜೋಡಿಸಿದ ದಿನವೇ ಪ್ಲಗ್ ಕಿತ್ತು, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಹಾಕಿ. ಎಫ್1 ಕೇಳಿದರೆ ಮೊದಲು ಬ್ಯಾಟರಿ ಬದಲಾಯಿಸಿ. ಬದಲಾಯಿಸಿದ ಮೇಲೂ ಕೇಳಿದರೆ ಅಂಗಡಿಗೆ ವಾಪಸ್ ಒಯ್ಯಿರಿ.

ನಮ್ಮದರಲ್ಲಿ ಎರಡು ಸಾಟಾ ಇನ್ನೂ ಖಾಲಿ ಇವೆ. ಚಿತ್ರದುರ್ಗದ ನಾದಿನಿ ಮನೆಯ ಕ್ಯಾಸೆಟ್ಟುಗಳು ಹದಿನಾಲ್ಕು ಇವೆಯಂತೆ. ದೀಪಾವಳಿ ಬೋನಸ್ ಬಂದ ಮೇಲೆ ಮೂರನೇ ಡಿಸ್ಕು.