ಕಲ್ಲುಗೋಡೆಯೋ, ಇಳಿಜಾರೋ? ನಾರ್ತ್ ಬರ್ವಿಕ್‌ನ ಎರಡು ಹೋಲ್‌ಗಳು

ಗಾಲ್ಫ್ ಮೈದಾನದಲ್ಲಿ ಚೆಂಡಿಗೆ ಅಡ್ಡಿಯೊಡ್ಡಲು ಮರ, ನೀರು, ಮರಳು ಎಲ್ಲವೂ ಇವೆ. ನನಗೆ ಹೆಚ್ಚು ಹಿಡಿಸುವುದು ಕಲ್ಲು ಮತ್ತು ಇಳಿಜಾರು. ಎರಡರಲ್ಲಿ ಯಾವುದು ಮೇಲು ಎಂದು ತೂಗಿ ನೋಡಲು ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್‌ನ ವೆಸ್ಟ್ ಲಿಂಕ್ಸ್ ಗಾಲ್ಫ್ ಮೈದಾನಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಎಡಿನ್‌ಬರಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಒಂದೊಂದು ಹಂತವೂ ಒಂದು ಹೋಲ್. ಇಲ್ಲಿ 13ನೇ ಹೋಲ್‌ನಲ್ಲಿ ಗೋಡೆ, 15ನೇ ಹೋಲ್‌ನಲ್ಲಿ ಇಳಿಜಾರು. ಕೆಲವು ವರ್ಷಗಳಿಂದ ಬೇರೆ ಬೇರೆ ಗಾಳಿಯಲ್ಲಿ ಎರಡನ್ನೂ ಆಡುತ್ತ ಬಂದಿದ್ದೇನೆ.

13ನೆಯದರ ಹೆಸರು ‘ಪಿಟ್’, ಪಾರ್ (ಅದಕ್ಕೆ ನಿಗದಿಯಾದ ಹೊಡೆತಗಳು) ನಾಲ್ಕು. ಹುಲ್ಲು ಕತ್ತರಿಸಿದ ದಾರಿಯಾದ ಫೇರ್‌ವೇಯ ಎಡಕ್ಕೆ ಉದ್ದಕ್ಕೂ ಹಳೆಯ ಕಲ್ಲುಗೋಡೆ, ಅದರ ಆಚೆ ತಗ್ಗಿನಲ್ಲಿ ಗ್ರೀನ್ (ಗುಳಿ ಇರುವ ನುಣುಪು ಹುಲ್ಲುಹಾಸು), ಗ್ರೀನ್‌ನ ಬೆನ್ನಿಗೆ ಮರಳುದಿಬ್ಬ. ಗೋಡೆ ಎತ್ತರವೇನಲ್ಲ, ಸೊಂಟಕ್ಕಿಂತ ಕೆಳಗೇ ಇದೆ. ಆದರೂ ಎರಡನೆಯ ಹೊಡೆತಕ್ಕೆ ನಿಂತಾಗ ಕಣ್ಣು ಅದನ್ನು ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಚೆಂಡು ದಾಟಿದರೆ ಸಿಗುವ ಖುಷಿಗೆ ಸಾಟಿಯಿಲ್ಲ. ದಾಟದಿದ್ದರೆ ಆಟ ಅಲ್ಲಿಯೇ ಕೆಡುತ್ತದೆ. ಗೋಡೆಯ ಬುಡಕ್ಕೆ ಅಂಟಿ ನಿಂತ ಚೆಂಡನ್ನು ಹಿಂದಕ್ಕೋ ಪಕ್ಕಕ್ಕೋ ಹೊಡೆಯಬೇಕು, ಇಲ್ಲವೇ ಒಂದು ಹೊಡೆತದ ದಂಡ ತೆರಬೇಕು. ನನ್ನ ಭಾವನವರಿಗೆ ಎಪ್ಪತ್ತು ದಾಟಿದೆ. ಅವರ ಚೆಂಡು ನೆಲಕ್ಕೆ ಹತ್ತಿರವಾಗಿಯೇ ಸಾಗುತ್ತದೆ. ಈ ಹೋಲ್‌ನಲ್ಲಿ ಅವರು ಎಷ್ಟು ನೇರವಾಗಿ ಹೊಡೆದರೂ ಕಲ್ಲಿಗೆ ಬಡಿದ ಸದ್ದೇ ಕೇಳುತ್ತದೆ. ಗೋಡೆಯಲ್ಲಿ ನನಗೆ ಕಾಣುವ ಕೊರತೆ ಇದೇ: ಅದಕ್ಕೆ ಗೊತ್ತಿರುವುದು ಹೌದು, ಇಲ್ಲ ಎಂಬ ಎರಡೇ ಉತ್ತರ.

15ನೆಯದು ‘ರೆಡಾನ್’, ಪಾರ್ ಮೂರು, ಸುಮಾರು 190 ಯಾರ್ಡ್. ಕ್ರಿಮಿಯಾ ಯುದ್ಧದ ಕಾಲದ ಕೋಟೆಯೊಂದರ ಹೆಸರು ಇದಕ್ಕೆ ಬಂದಿದೆ. ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತರೆ ಮುಂದಿನ ದಿಬ್ಬ ಗ್ರೀನ್ ಅನ್ನು ಮರೆಮಾಡುತ್ತದೆ. ಗ್ರೀನ್ ಓರೆಯಾಗಿ ಮಲಗಿದೆ; ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ, ಆಟಗಾರನಿಂದ ದೂರ ಸರಿಯುವಂತೆ ಇಳಿಯುತ್ತದೆ. ಎಡಕ್ಕೆ ಆಳವಾದ ಬಂಕರ್, ಅಂದರೆ ಮರಳುಗುಂಡಿ. ಗುಳಿಯ ಬಾವುಟಕ್ಕೇ ಗುರಿಯಿಟ್ಟರೆ ಚೆಂಡು ಬಂಕರ್‌ನ ಪಾಲು, ಇಲ್ಲವೇ ಗ್ರೀನ್ ಮೇಲೆ ಬಿದ್ದು ಅದರ ಹಿಂಬದಿಗೆ ಜಾರಿಹೋಗುತ್ತದೆ. ಬಲಕ್ಕೆ, ಗ್ರೀನ್‌ನ ಮುಂಚಿನ ಹುಲ್ಲಿನ ಮೇಲೆ ಬೀಳಿಸಿದರೆ ಚೆಂಡು ಒಂದೆರಡು ಸಲ ಪುಟಿದು, ನಿಧಾನವಾಗಿ ಎಡಕ್ಕೆ ಹೊರಳಿ ಬಾವುಟದತ್ತ ಉರುಳುತ್ತದೆ. ಪಶ್ಚಿಮದ ಗಾಳಿ ಬೆನ್ನಿಗಿದ್ದ ದಿನ ಎರಡು ಹಂತ ಕಡಿಮೆ ದೂರ ಹೊಡೆಯುವ ಐರನ್ (ಲೋಹದ ಕ್ಲಬ್ಬು) ತೆಗೆದುಕೊಂಡು ಇನ್ನೂ ಮುಂಚೆಯೇ ಬೀಳಿಸಬೇಕು. ಗಾಳಿ ಎದುರಾದ ದಿನ ಲೆಕ್ಕವೆಲ್ಲ ತಲೆಕೆಳಗು. ಭಾವನವರು ಮರದ ಕ್ಲಬ್ಬಿನಿಂದ ತಗ್ಗಾಗಿ ಹೊಡೆದು ನೆಲದ ಮೇಲೆಯೇ ಚೆಂಡನ್ನು ಗ್ರೀನ್‌ಗೆ ಮುಟ್ಟಿಸಿದ್ದನ್ನು ನೋಡಿದ್ದೇನೆ. ಆದರೂ ಶ್ರೇಷ್ಠ ಆಟಗಾರನಿಗೂ ಇದೇ ಇಳಿಜಾರು ಬೆವರು ಇಳಿಸುತ್ತದೆ.

ಜಗತ್ತು ನಕಲು ಮಾಡಿದ್ದೂ ಇದನ್ನೇ. ಗಾಲ್ಫ್ ಮೈದಾನಗಳ ವಿನ್ಯಾಸಕ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿದಾಗ ನಾಲ್ಕನೆಯ ಹೋಲ್ ಅನ್ನು ರೆಡಾನ್ ಮಾದರಿಯಲ್ಲಿಯೇ ರೂಪಿಸಿದರು. ಆಮೇಲೆ ಅಮೆರಿಕದ ತುಂಬ ರೆಡಾನ್‌ಗಳು ಎದ್ದವು. ಪಿಟ್ ಮಾತ್ರ ಹಾಗೆ ಹರಡಲಿಲ್ಲ. ಇಳಿಜಾರನ್ನು ಮಣ್ಣು ಸರಿಸಿ ಮಾಡಬಹುದು, ನೂರಾರು ವರ್ಷ ಹಳೆಯ ಹೊಲದ ಗೋಡೆಯನ್ನು ಎಲ್ಲಿಂದ ತರುವುದು?

ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿಯೂ ಇದೇ ಜೋಡಿ ಇದೆ, ಇನ್ನೂ ಹತ್ತಿರದಲ್ಲಿ. 17ನೇ ಹೋಲ್‌ನ ಗ್ರೀನ್ ಹಿಂದೆ ರಸ್ತೆ ಮತ್ತು ಕಲ್ಲುಗೋಡೆ. 18ನೆಯದರ ಗ್ರೀನ್ ಮುಂದೆ ‘ವ್ಯಾಲಿ ಆಫ್ ಸಿನ್’ ಎಂಬ ತಗ್ಗು. 2010ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಮಿಗೆಲ್ ಏಂಜೆಲ್ ಹಿಮೆನೆಸ್ ಗ್ರೀನ್‌ಗೆ ಬೆನ್ನು ಹಾಕಿ ಗೋಡೆಗೆ ಹೊಡೆದು ಚೆಂಡನ್ನು ಗ್ರೀನ್ ಮೇಲೆ ತಂದರು. 1995ರ ಓಪನ್‌ನಲ್ಲಿ ಕೋಸ್ಟಾಂಟಿನೊ ರೋಕ್ಕಾ ಆ ತಗ್ಗಿನಿಂದ ಪಟರ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಕ್ಲಬ್ಬು) ಹಿಡಿದೇ ಚೆಂಡನ್ನು ಗುಳಿಗೆ ಇಳಿಸಿ, ಜಾನ್ ಡೇಲಿಯೊಂದಿಗೆ ಸಮಬಲ ಸಾಧಿಸಿ ಅವರನ್ನು ಪ್ಲೇಆಫ್‌ಗೆ ಎಳೆದರು. ಎರಡೂ ಅದ್ಭುತ. ಆದರೆ ರೋಕ್ಕಾ ಮಾಡಿದ್ದನ್ನು ಪಟರ್ ಹಿಡಿದ ಯಾರಾದರೂ ಪ್ರಯತ್ನಿಸಬಹುದು. ನಾನೂ ಆ ತಗ್ಗಿನಿಂದ ಪಟ್ ಮಾಡಿದ್ದೇನೆ. ಏರನ್ನು ಹತ್ತುವಷ್ಟು ಬಲ ಕೊಟ್ಟರೆ ಚೆಂಡು ಗುಳಿಯನ್ನು ದಾಟಿ ಓಡುತ್ತದೆ, ಸ್ವಲ್ಪ ತಡೆದರೆ ಉರುಳಿ ಕಾಲ ಬುಡಕ್ಕೇ ಬರುತ್ತದೆ.

ಹಾಗಾಗಿ ನನ್ನ ಮತ ಇಳಿಜಾರಿಗೆ. ಕಲ್ಲು ಬೇಡವೆಂದಲ್ಲ. ಹೈದರಾಬಾದಿನ ಬೌಲ್ಡರ್ ಹಿಲ್ಸ್ ಗಾಲ್ಫ್ ಮೈದಾನದಲ್ಲಿರುವಂತೆ ಬಂಡೆಗಳು ಮೊದಲಿನಿಂದಲೂ ಅಲ್ಲಿಯೇ ಇದ್ದರೆ ಅವುಗಳನ್ನು ಸಿಡಿಸದೆ ಆಟದೊಳಗೆ ಸೇರಿಸಿಕೊಳ್ಳುವುದೇ ಸರಿ. ನನಗೆ ಸಿಟ್ಟು ಬರುವುದು ಲಾರಿಯಲ್ಲಿ ಬಂಡೆ ತರಿಸಿ ಕೊಳದ ಅಂಚಿಗೆ ಜೋಡಿಸುವುದನ್ನು ಕಂಡಾಗ. ಚೆನ್ನಾಗಿ ಹೊಡೆದ ಚೆಂಡೂ ಅದಕ್ಕೆ ತಗುಲಿ ಎತ್ತಲೋ ಸಿಡಿಯುತ್ತದೆ. ಅಷ್ಟೇ ಹಣದಲ್ಲಿ ಗ್ರೀನ್‌ನ ಒಂದು ಮಗ್ಗುಲನ್ನು ಎರಡು ಅಡಿ ಎತ್ತರಿಸಿ ಓರೆ ಮಾಡಿದ್ದರೆ ವರ್ಷವಿಡೀ ಪ್ರತಿಯೊಬ್ಬರೂ ಯೋಚಿಸಿ ಆಡುತ್ತಿದ್ದರು.

ನಾರ್ತ್ ಬರ್ವಿಕ್‌ಗೆ ಹೋಗುವವರು 13ರಲ್ಲಿ ಮೊದಲ ಹೊಡೆತವನ್ನು ಗೋಡೆಯಿಂದ ಸಾಕಷ್ಟು ದೂರ, ಬಲಕ್ಕೆ ಇಟ್ಟುಕೊಳ್ಳಿ. 15ರಲ್ಲಿ ಬಾವುಟವನ್ನು ಮರೆತು, ಚೆಂಡು ಬೀಳಬೇಕಾದ ಜಾಗವನ್ನು ಮಾತ್ರ ನೋಡಿ.