ಅಥಣಿ ಚಪ್ಪಲಿ: ಮೊದಲು ಅಟ್ಟೆ ನೋಡಿ, ಆಮೇಲೆ ಬೆಲೆ ಕೇಳಿ

ಬೇಸಿಗೆ ಬಂತೆಂದರೆ ನನ್ನ ಕಾಲಿಗೆ ಕೊಲ್ಹಾಪುರಿ ಚಪ್ಪಲಿಯೇ ಬೇಕು. ಅಗ್ಗದ್ದು, ನಡುವಿನ ಬೆಲೆಯದ್ದು, ದುಬಾರಿಯದ್ದು ಎಲ್ಲವನ್ನೂ ಹಲವು ವರ್ಷಗಳಿಂದ ಮೆಟ್ಟಿ ಸವೆಸಿದ್ದೇನೆ. ಹೆಸರು ಕೊಲ್ಹಾಪುರದ್ದಾದರೂ ನಾನು ಕೊಳ್ಳುವ ಜೋಡುಗಳು ಹೆಚ್ಚಾಗಿ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯವು. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ 2019ರಲ್ಲಿ ಸಿಕ್ಕಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ 2025ರಲ್ಲಿ ಮಿಲಾನ್‌ನಲ್ಲಿ ಇದೇ ಬಗೆಯ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶಿಸಿ ಗದ್ದಲವಾದಾಗಲೂ ಅಥಣಿಯ ಹೆಸರು ಹೆಚ್ಚು ಕೇಳಿಬರಲಿಲ್ಲ ಎಂಬುದು ನನಗೆ ಇನ್ನೂ ಬೇಸರ.

ಈ ಚಪ್ಪಲಿಯ ಜೀವ ಇರುವುದು ಅಟ್ಟೆಯಲ್ಲಿ. ದಪ್ಪನೆಯ ಎಮ್ಮೆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿ, ಪದರಗಳನ್ನು ಮೊಳೆ ಹೊಡೆಯದೆ ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಹೀಗೆ ಹದಗೊಂಡ ಚರ್ಮ ಬೆವರು ಹೀರಿಕೊಳ್ಳುತ್ತದೆ, ಮೆಟ್ಟುತ್ತ ಹೋದಂತೆ ನಿಮ್ಮ ಪಾದದ ಅಚ್ಚನ್ನೇ ತಾಳುತ್ತದೆ. ನನ್ನ ಹಳೆಯ ಜೋಡಿನಲ್ಲಿ ಹಿಮ್ಮಡಿಯ ಗುಳಿ, ಐದೂ ಬೆರಳಿನ ಗುರುತು ಎದ್ದು ಕಾಣುತ್ತವೆ; ಬಣ್ಣವೂ ತಿಳಿ ಕಂದಿನಿಂದ ಕಾಕಂಬಿಯಷ್ಟು ಗಾಢವಾಗಿದೆ.

ಐನೂರು ರೂಪಾಯಿಯ ಒಳಗೆ ಸಂತೆ, ಜಾತ್ರೆಗಳಲ್ಲಿ ಸಿಗುವುದರ ಮೇಲ್ಪಟ್ಟಿ ಬಹುಮಟ್ಟಿಗೆ ರೆಕ್ಸಿನ್, ಅಟ್ಟೆಯ ನಡುವೆ ಒತ್ತಿದ ರಟ್ಟು. ಚಪ್ಪಲಿಯನ್ನು ಪಕ್ಕಕ್ಕೆ ಹಿಡಿದು ಅಂಚು ನೋಡಿ: ಅಸಲಿ ಚರ್ಮವಾದರೆ ಒತ್ತಾದ ನಾರು ಕಾಣುತ್ತದೆ, ರಟ್ಟಾದರೆ ಉಗುರಿಗೆ ಪುಡಿ ಉದುರುತ್ತದೆ. ಅಂಚಿಗೆ ದಟ್ಟವಾಗಿ ಬಣ್ಣ ಬಳಿದು ಮುಚ್ಚಿದ್ದರೆ ನಾನು ಕೈಗೆತ್ತಿಕೊಳ್ಳುವುದೂ ಇಲ್ಲ. ಒಂದು ಮದುವೆ, ಒಂದು ಹಬ್ಬಕ್ಕೆ ಸಾಕೆನ್ನುವವರು ಇದನ್ನು ಕೊಳ್ಳಬಹುದು. ದಿನಾ ಮೆಟ್ಟಲು ಬೇಡ.

ನನ್ನ ಮಟ್ಟಿಗೆ ಸಾವಿರದಿಂದ ಸಾವಿರದೈನೂರು ರೂಪಾಯಿ ಸರಿಯಾದ ಬೆಲೆ. ಅಲಂಕಾರ ಕಡಿಮೆ, ಅಗಲ ಪಟ್ಟಿ, ಎರಡೂ ಬದಿಗೆ ಗಟ್ಟಿ ಕಿವಿ (ಪಟ್ಟಿಯನ್ನು ಅಟ್ಟೆಗೆ ಹಿಡಿದಿಡುವ ಚರ್ಮದ ತುಂಡು). ದಿನವೂ ಬಸ್ಸು, ಮಾರುಕಟ್ಟೆ, ಕಚೇರಿ ಎಂದು ಓಡಾಡಿದರೂ ಇಂಥದ್ದು ಕೆಲವು ಬೇಸಿಗೆಗಳನ್ನು ದಾಟುತ್ತದೆ. ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನ ಮಳಿಗೆಯಲ್ಲಿ ಕೊಳ್ಳಬಹುದು. ಅಥಣಿ ಕಡೆ ಹೋದರೆ ಕುಶಲಕರ್ಮಿಗಳಿಂದಲೇ ಕೊಳ್ಳಿ, ಪಾದದ ಅಳತೆ ಕೊಟ್ಟೂ ಮಾಡಿಸಬಹುದು. ಎರಡೂವರೆ ಸಾವಿರ ದಾಟಿದ ಮೇಲೆ ಹೆಚ್ಚುವುದು ಸಣ್ಣ ಹೆಣಿಗೆಯ, ಜರಿಯ ಕುಸುರಿ ಕೆಲಸ. ಆ ಕೈಚಳಕಕ್ಕೆ ಬೆಲೆ ತೆರುವುದು ನ್ಯಾಯವೇ, ಆದರೆ ಅದರಿಂದ ಬಾಳಿಕೆ ಹೆಚ್ಚುವುದಿಲ್ಲ. ತೆಳು ಹೆಣಿಗೆಯೇ ಮೊದಲು ಹರಿಯುತ್ತದೆ.

ಕೊರತೆಗಳೂ ಇವೆ. ಹೊಸದರಲ್ಲಿ ಹೆಬ್ಬೆರಳ ಬುಡದಲ್ಲಿ ಕಚ್ಚುತ್ತದೆ. ರಾತ್ರಿ ಪಟ್ಟಿಯ ಒಳಬದಿಗೆ ಹರಳೆಣ್ಣೆ ಸವರಿಟ್ಟು, ಮೊದಲ ವಾರ ಮನೆಯಲ್ಲೇ ಸ್ವಲ್ಪ ಸ್ವಲ್ಪ ಹೊತ್ತು ಮೆಟ್ಟಿದರೆ ಪಳಗುತ್ತದೆ. ಚರ್ಮದ ಅಟ್ಟೆ ಗ್ರಾನೈಟ್ ನೆಲದಲ್ಲಿ ಜಾರುತ್ತದೆ, ವಯಸ್ಸಾದವರಿಗೆ ಕೊಡಿಸುವುದಾದರೆ ಕೆಳಗೆ ತೆಳ್ಳನೆಯ ರಬ್ಬರ್ ಅಂಟಿಸಿ ಹೊಲಿಸಿಬಿಡಿ. ಮಳೆಯಂತೂ ಇದರ ಶತ್ರು: ನೆನೆದರೆ ಅಟ್ಟೆ ಉಬ್ಬಿ ಪದರ ಬಿಡುತ್ತದೆ. ನೆನೆದದ್ದನ್ನು ಬಿಸಿಲಿಗೆ ಇಟ್ಟರೆ ಸೊಟ್ಟಗೆ ಸೆಟೆದುಕೊಳ್ಳುತ್ತದೆ, ನೆರಳಲ್ಲಿ ಗಾಳಿಗೆ ಆರಿಸಬೇಕು. ಜೂನ್ ಬಂದೊಡನೆ ನಾನು ಎಣ್ಣೆ ಸವರಿ, ಪತ್ರಿಕೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡುತ್ತೇನೆ; ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಅಳತೆಯ ಬಗ್ಗೆ ಒಂದು ಮಾತು: ಮೆಟ್ಟುತ್ತ ಪಟ್ಟಿ ಸಡಿಲವಾಗುವುದರಿಂದ ತುಸು ಬಿಗಿಯಾದದ್ದನ್ನೇ ಆರಿಸಿ, ಉದ್ದದಲ್ಲಿ ಮಾತ್ರ ರಾಜಿ ಬೇಡ. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಡೆದ ಕಾಲು ಆಗ ಸ್ವಲ್ಪ ಊದಿರುತ್ತದೆ.