ಹಲ್ಲಿಯೋ ಹಳ್ಳಿಯೋ: ಮೇಲ್‌ನಲ್ಲಿ ದನಿ ಕಳಿಸಲು ನೋಡಿದ ದಾರಿಗಳು

ಅಕ್ಕನ ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಒಂಬತ್ತು ವರ್ಷ. ಒಂದು ಸಲ ಫೋನಿನಲ್ಲಿ, 'ಅಜ್ಜಿ, ರಜೆಗೆ ನಿಮ್ಮ ಹಲ್ಲಿಗೆ ಬರ್ತೀನಿ' ಅಂದಳು. ಅಮ್ಮ ಗಾಬರಿಯಿಂದ ತಮ್ಮ ಕಟ್ಟಿಸಿದ ಹಲ್ಲು ಮುಟ್ಟಿ ನೋಡಿಕೊಂಡರು.

ಲ, ಳ ವ್ಯತ್ಯಾಸವನ್ನು ಬರೆದು ಕಲಿಸುವುದು ಹೇಗೆ? ನಾಲಿಗೆ ಮಡಚು ಅಂತ ಬರೆದರೆ ಮಗುವಿಗೆ ಏನು ತಿಳಿಯುತ್ತದೆ? ಕೇಳಿಸಲೇಬೇಕು. ಅವಳಿಗೆ ಫೋನ್ ಕೊಟ್ಟಿಲ್ಲ. ನನಗೆ ಬಿಡುವಾಗುವ ಹೊತ್ತಿಗೆ ಅಲ್ಲಿ ನಡುರಾತ್ರಿ. ಇನ್ನುಳಿದದ್ದು ಮೇಲ್ ಒಂದೇ.

ಮೊದಲು ಲ್ಯಾಪ್‌ಟಾಪ್‌ನಲ್ಲಿ ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವ ಬಗೆ) ಮಾಡಿದೆ. ದನಿ ಎದುರಿಗೆ ಕೂತು ಮಾತಾಡಿದ ಹಾಗೆ ಇತ್ತು. ಆದರೆ ಮೋನೋದಲ್ಲೂ, ಅಂದರೆ ಒಂದೇ ಚಾನೆಲ್‌ನಲ್ಲೂ, ನಿಮಿಷಕ್ಕೆ 5 ಎಂಬಿ ದಾಟುತ್ತದೆ. ನಾಲ್ಕು ನಿಮಿಷದ್ದು 21 ಎಂಬಿ ಆಯಿತು. ಅಕ್ಕನ ಮೇಲ್‌ಬಾಕ್ಸ್‌ನ ಮಿತಿ 25, ಹೋಗುತ್ತದೆ ಅಂದುಕೊಂಡೆ. ವಾಪಸ್ ಬಂತು! ಮೇಲ್ ಹುಟ್ಟಿದ್ದು ಬರೀ ಅಕ್ಷರಗಳಿಗಾಗಿ. ಅದಕ್ಕೇ ಅಟ್ಯಾಚ್‌ಮೆಂಟನ್ನು ಬೇಸ್‌64 ಅನ್ನುವ ಅಕ್ಷರರೂಪಕ್ಕೆ ತಿರುಗಿಸಿ ಕಳಿಸುತ್ತಾರೆ. ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. ನನ್ನ 21 ಎಂಬಿ ದಾರಿಯಲ್ಲೇ 28 ಆಗಿತ್ತು. (ಹಾಗಂತ ಮೇಲ್‌ಗೆ ದನಿ ಹೊಸದೇನಲ್ಲ. ಮೇಲ್‌ಗೆ ಅಟ್ಯಾಚ್‌ಮೆಂಟ್ ಸೇರಿಸುವ ಮೈಮ್ ಪದ್ಧತಿ ರೂಪಿಸಿದವರಲ್ಲಿ ಒಬ್ಬರಾದ ನ್ಯಾಥನಿಯಲ್ ಬೊರೆನ್‌ಸ್ಟೈನ್ 1992ರ ಮಾರ್ಚ್‌ನಲ್ಲಿ ಕಳಿಸಿದ ಮೊದಲ ಮೈಮ್ ಅಟ್ಯಾಚ್‌ಮೆಂಟ್‌ನಲ್ಲೇ ಅವರೂ ಗೆಳೆಯರೂ ಸೇರಿ ಹಾಡಿದ ಹಾಡಿತ್ತು.)

ಆಮೇಲೆ ಇನ್ನೊಂದು ತುದಿಗೆ ಹೋದೆ. ಹಳೇ ಫೋನಿನ ಎಎಂಆರ್ (ಮಾತನ್ನು ತೀರಾ ಕುಗ್ಗಿಸಿಡುವ ಬಗೆ) ರೆಕಾರ್ಡಿಂಗ್. ನಿಮಿಷಕ್ಕೆ 90 ಕೆಬಿ ಚಿಲ್ಲರೆ! ಖುಷಿಯಾಗಿ, ಸ, ಶ ವ್ಯತ್ಯಾಸವೂ ತಿಳಿಯಲಿ ಅಂತ 'ಸಾಲು, ಶಾಲು' ಕೂಡ ಹೇಳಿ ಕಳಿಸಿದೆ. 'ಎರಡೂ ಒಂದೇ ಅಲ್ವಾ?' ಅಂತ ಉತ್ತರ ಬಂತು. ತಪ್ಪು ಅವಳದಲ್ಲ. ನಾನೇ ಕೇಳಿ ನೋಡಿದೆ, ನನಗೂ ಅನುಮಾನ ಬಂತು. ಈ ಬಗೆ ದನಿಯನ್ನು ಸೆಕೆಂಡಿಗೆ 8000 ಸಲ ಮಾತ್ರ ಅಳೆಯುತ್ತದೆ. ಹಾಗಾಗಿ 4000 ಹರ್ಟ್ಸ್‌ಗಿಂತ (ಸೆಕೆಂಡಿಗೆ 4000 ಕಂಪನ) ಮೇಲಿನದು ಉಳಿಯುವುದೇ ಇಲ್ಲ. 'ಸ'ದ ಸುಯ್ ಅನ್ನುವ ಭಾಗ ಬಹುಪಾಲು ಆ ಮೇಲಿನದರಲ್ಲೇ ಇರುವುದು. 'ಶ' ಇನ್ನೂ ಕೆಳಗಿನದು, ಬಚಾವಾಗುತ್ತದೆ. ಲ, ಳ ಮಾತ್ರ ಚೆನ್ನಾಗೇ ಕೇಳಿಸಿತು. ಬರೀ ಹಲ್ಲಿ, ಹಳ್ಳಿ ಕಲಿಸುವುದಿದ್ದರೆ ಇಷ್ಟೇ ಸಾಕಿತ್ತೇನೋ.

ವಾಟ್ಸಾಪ್‌ನಲ್ಲಿ ನನಗೆ ನಾನೇ ವಾಯ್ಸ್ ಮೆಸೇಜ್ ಕಳಿಸಿಕೊಂಡು, ಅದು ಉಳಿಸಿಡುವ ಓಪಸ್ ಬಗೆಯ ಫೈಲನ್ನು ಮೇಲ್‌ಗೆ ಹಾಕಿಯೂ ನೋಡಿದೆ. ಚಿಕ್ಕದು, ಆದರೂ ಸ, ಶ ಬೇರೆಬೇರೆಯಾಗಿ ಕೇಳುತ್ತವೆ. ದನಿಯ ಲೆಕ್ಕದಲ್ಲಿ ಇದಕ್ಕೇ ಮೊದಲ ಸ್ಥಾನ. ಕಷ್ಟ ಅಂದರೆ, ಅವಳ ಮೇಲ್ ಪ್ರೋಗ್ರಾಂ ಅದನ್ನು ತೆರೆಯಲೇ ಇಲ್ಲ. ಒಂಬತ್ತರ ಹುಡುಗಿಗೆ 'ಬೇರೆ ಪ್ಲೇಯರ್ ಹಾಕಿಕೋ' ಅನ್ನಲಾಗುತ್ತದೆಯೇ?

ಡ್ರೈವ್ ಲಿಂಕ್ ಕಳಿಸಿದಾಗ ಅನುಮತಿ ಕೊಡುವುದನ್ನು ಮರೆತೆ. ನಾನು ಎದ್ದು ಒಪ್ಪಿಗೆ ಕೊಡುವಷ್ಟರಲ್ಲಿ ಅವಳು ಮಲಗಿದ್ದಳು. ಮೇಲ್ ಒಳಗೇ ಪ್ಲೇ ಬಟನ್ ಕೂರಿಸುವ ಆಸೆಯೂ ಬಂತು. ಅದು ಆ್ಯಪಲ್ ಮೇಲ್‌ನಲ್ಲಿ ನಡೆಯುತ್ತದೆ, ಬಹಳಷ್ಟು ಕಡೆ ಆ ತುಣುಕನ್ನು ಕಿತ್ತೇ ಹಾಕುತ್ತಾರೆ. ಸುಮ್ನೆ ಸಮಯ ಹಾಳು.

ಕೊನೆಗೆ ನಿಂತದ್ದು ಹಳೇ ಎಂಪಿ3 ಹತ್ತಿರ. ಮೋನೋ, ಸೆಕೆಂಡಿಗೆ 64 ಕಿಲೋಬಿಟ್, ನಿಮಿಷಕ್ಕೆ ಅರ್ಧ ಎಂಬಿಯೂ ಇಲ್ಲ. ಐಫೋನ್ ಕೊಡುವ ಎಂ4ಎ ಕೂಡ ಇಷ್ಟೇ ಸಲೀಸಾಗಿ ತೆರೆಯಿತು, ಅದಿದ್ದವರು ಬದಲಾಯಿಸುವ ಗೋಜಿಗೆ ಹೋಗಬೇಡಿ.

ಆದರೆ ಯಾವ ಫಾರ್ಮ್ಯಾಟ್ ಅನ್ನುವುದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಬೇರೆ. ನಾಲ್ಕು ನಿಮಿಷದ ಒಂದೇ ಫೈಲಿನಲ್ಲಿ ಅವಳು 'ಹಳ್ಳಿ' ಎಲ್ಲಿದೆ ಅಂತ ಹಿಂದೆ ಮುಂದೆ ಎಳೆದಾಡುತ್ತಿದ್ದಳು. ಈಗ ಒಂದು ಜೋಡಿಗೆ ಒಂದು ಫೈಲು, ಐದಾರು ಸೆಕೆಂಡು. ಫೈಲಿಗೆ ನಂಬರ್ ಹೆಸರು. ಮೇಲ್‌ನಲ್ಲಿ ಅದೇ ನಂಬರಿನ ಮುಂದೆ ಕನ್ನಡದಲ್ಲಿ ಬರೆದ ಜೋಡಿ. ನೋಡುತ್ತಾ ಕೇಳುತ್ತಾಳೆ, ಬೇಕಾದ್ದನ್ನು ಹತ್ತು ಸಲ ಒತ್ತುತ್ತಾಳೆ.

ಕಳೆದ ವಾರ ಅವಳೇ ರೆಕಾರ್ಡ್ ಮಾಡಿ ಕಳಿಸಿದ್ದಳು. ಹಳ್ಳಿ ಸರಿಯಾಗಿದೆ. ಆದರೆ ಅಜ್ಜಿ ಕಳಿಸಿದ ಬೆಲ್ಲ ಈಗ 'ಬೆಳ್ಳ' ಆಗಿದೆ. ಹದಿನೇಳನೇ ನಂಬರ್ ಫೈಲು ಬೆಲ್ಲದ್ದು.